ಮಂಗಳವಾರ ಮುನಿಯುವ ಟ್ರ್ಯಾಕ್ಟರುಗಳು

"ಅಕ್ಕಾರ, ನಮ್ಮ ಗಾಡಿ ಮತ್ತ ಮುನಿಸ್ಕೊಂಡೈತ್ರಿ. ಕೂರಿಗಿ ಮಣ್ಣಿಗೆ ಇಟ್ಟಿದ್ದ ತಡ, ಉಬ್ಬಸ ಬಂದವರಂಗ ತೇಕಾಕ ಹತ್ತೈತಿ."

ಫೋನಿನ ಆಚೆ ಕಣವಿಹಾಳದ ಚಿನ್ನವ್ವ ಮೇಟಿ. ಹೆಸರು ಹೇಳುವ ಅಗತ್ಯವೇ ಇರಲಿಲ್ಲ. ಆ ದನಿ, ಅದರ ಹಿಂದೆ ಎಂಜಿನ್ನಿನ ಗುಟುಗುಟು, ಇನ್ನೂ ಹಿಂದೆ ಯಾರೋ "ಬಂದ್ ಮಾಡ ಬೇ, ಕಾದೈತಿ" ಎಂದು ಕೂಗುವುದು, ಇದೆಲ್ಲ ಮುಮ್ತಾಜ್ ನದಾಫಳಿಗೆ ಈಗ ವಾರದ ಸಂತೆಯಷ್ಟೇ ಪರಿಚಿತ.

"ಚಿನ್ನವ್ವಾರ, ಇವತ್ತ ಮಂಗಳವಾರ ಅಲ್ರೀ?"

"ಹೌದ್ರಿ, ಮಂಗಳವಾರ. ಯಾಕ್ರಿ?"

"ಏನಿಲ್ಲ. ನೀವು ಮಂಗಳವಾರನ ಫೋನ್ ಮಾಡ್ತೀರಿ. ಬ್ಯಾರೆ ದಿನ ನನ್ನ ನೆನಪ ಆಗಂಗಿಲ್ಲ ನಿಮಗ."

"ಗಾಡಿ ನೆಟ್ಟಗಿದ್ದ ದಿನ ನಾ ಯಾಕ ಮಾಡ್ಲಿ ಅಕ್ಕಾರ? ಬಿತ್ತಾಕ ಹೊತ್ತಿಲ್ಲ, ಮಾತಾಡಾಕ ಎಲ್ಲಿ ಹೊತ್ತು!"

ಮುಮ್ತಾಜ್ ನಕ್ಕಳು. ನಗುತ್ತಲೇ ಎದುರಿನ ಗೋಡೆ ನೋಡಿದಳು. ಗದಗಿನ ಹೊಗೆ ಕಾವಲು ಕೊಠಡಿಯಲ್ಲಿ ಆ ಗೋಡೆಯ ತುಂಬ ತಾಲೂಕಿನ ನಕ್ಷೆ. ಓಡುತ್ತಿರುವ ಪ್ರತಿ ಟ್ರ್ಯಾಕ್ಟರಿಗೂ ಒಂದು ಚುಕ್ಕೆ, ಹೊಗೆ ಸರಾಗ ಹೋದರೆ ಹಸಿರು, ಕಟ್ಟಿಕೊಂಡರೆ ಕೆಂಪು. ಕಣವಿಹಾಳದ ಸುತ್ತ ಮಾತ್ರ ಹಸಿರಿಲ್ಲ. ದಾಳಿಂಬೆ ಬಿಡಿಸಿ ಚೆಲ್ಲಿದ ಹಾಗೆ ಬರೀ ಕೆಂಪು.

"ನಿನ್ನಿ ಗಾಡಿಗೆ ಏನರ ಮಾಡಿದ್ರೇನು? ಡೀಸೆಲ್ ಬದಲಿ ಮಾಡಿದ್ರಾ? ಡಬ್ಬಿ ಬಿಚ್ಚಿ ತೊಳದ್ರಾ?"

"ನಿನ್ನಿ ಏನೂ ಮಾಡಿಲ್ರಿ."

"ಖರೇನ?"

"ದೇವ್ರಾಣಿ ಏನೂ ಮಾಡಿಲ್ರಿ."

ಈ ಉತ್ತರವನ್ನೂ ಆಕೆ ಪ್ರತಿ ಮಂಗಳವಾರ ಕೇಳಿದ್ದಳು, ಪ್ರತಿ ಸಲವೂ ಹಾಗೇ ಬರೆದುಕೊಂಡಿದ್ದಳು.

ಡಬ್ಬಿ ಎಂದರೆ ಏನೆಂದು ಇಲ್ಲಿಯೇ ಹೇಳಿಬಿಡುವುದು ಒಳ್ಳೆಯದು. ಎರೆಹೊಲದ ಜಿಗುಟು ಮಣ್ಣನ್ನು ಎಳೆಯಲು ಆ ಕಾಲಕ್ಕೂ ಡೀಸೆಲ್ ಎಂಜಿನ್ನೇ ಬೇಕಾಗಿತ್ತು. ಡೀಸೆಲ್ಲನ್ನು ನೆಲದಿಂದ ತೆಗೆಯುವ ಬದಲು ಜೋಳದ ದಂಟಿನಿಂದ ತೆಗೆಯುತ್ತಿದ್ದರು, ಅಷ್ಟೇ ವ್ಯತ್ಯಾಸ. ಹೊಗೆ ಇದ್ದೇ ಇತ್ತು, ಹೊಗೆಯಲ್ಲಿ ಮಸಿಯೂ ಇತ್ತು. ಹಳೆಯ ಟ್ರ್ಯಾಕ್ಟರುಗಳಲ್ಲಿ ಈ ಮಸಿಯನ್ನು ಹಿಡಿಯುವುದಕ್ಕೆ ಜೇನುಗೂಡಿನಂಥ ಒಂದು ಜರಡಿ ಇರುತ್ತಿತ್ತು. ಜರಡಿ ತುಂಬಿದಾಗ ಎಂಜಿನ್ ತಾನೇ ಡೀಸೆಲ್ ಸುರಿದುಕೊಂಡು ಮಸಿಯನ್ನು ಸುಡಬೇಕು. ಆದರೆ ಅದು ಸುಡುತ್ತಿರುವಾಗಲೇ ಯಾರೋ ಊಟಕ್ಕೆಂದು ಕೀಲಿ ತಿರುಗಿಸುತ್ತಿದ್ದರು. ಅರ್ಧ ಸುಟ್ಟ ಮಸಿ ಗಟ್ಟಿಯಾಗಿ ಕಟ್ಟಿಕೊಂಡು, ಹೊಗೆಗೆ ದಾರಿಯಿಲ್ಲದೆ ಅದು ಎಂಜಿನ್ನಿಗೇ ಹಿಂದಕ್ಕೊತ್ತಿ, ಬಲವೆಲ್ಲ ಉಡುಗಿಹೋಗುತ್ತಿತ್ತು. ಬೇಸತ್ತ ರೈತರು ಜರಡಿಯನ್ನೇ ಕಿತ್ತು ಹಿತ್ತಲಿಗೆ ಎಸೆದರು. ಊರೂರಿನ ಮಕ್ಕಳು ಕೆಮ್ಮಿದರು.

ಹೊಸ ಜರಡಿಗೆ ಸುಡುವ ಕೆಲಸವೇ ಇರಲಿಲ್ಲ. ಅದರ ಗೋಡೆಗೆ, ಬಿಸಿನೀರ ಬುಗ್ಗೆಗಳಲ್ಲಿ ಬದುಕುವ ಒಂದು ಸೂಕ್ಷ್ಮಜೀವಿಯನ್ನು ಪ್ರಯೋಗಾಲಯದಲ್ಲಿ ಪಳಗಿಸಿ ಲೇಪಿಸಿದ್ದರು. ಹೊಗೆ ಸುರುಳಿ ಕೊಳವೆಯೊಳಗೆ ಹಾದು ಅದು ತಡೆದುಕೊಳ್ಳುವಷ್ಟು ತಣಿದು ಬರುತ್ತದೆ. ಜೀವಿ ಬೆಚ್ಚಗೆ ಕೂತು ಮಸಿ ತಿನ್ನುತ್ತದೆ. ಅದಕ್ಕೊಂದು ಉದ್ದದ ಹೆಸರಿತ್ತು. ಜನ ಮಸಿಹುಳ ಎಂದರು. ಜರಡಿ ಕೂತ ಪೆಟ್ಟಿಗೆಗೆ ಹುಳದ ಡಬ್ಬಿ ಎಂದರು. ಆ ಮುಂಗಾರಿನ ಕೊನೆಗೆ ತಾಲೂಕಿನ ಎಲ್ಲ ಟ್ರ್ಯಾಕ್ಟರಿಗೂ ಡಬ್ಬಿ ಕೂತಿತು. ಎಲ್ಲ ಊರಿನಲ್ಲೂ ಚಂದ ನಡೆಯಿತು. ಕಣವಿಹಾಳದಲ್ಲೂ ನಡೆಯಿತು, ಮಂಗಳವಾರ ಒಂದನ್ನು ಬಿಟ್ಟು.

ಮುಮ್ತಾಜ್ ಫೋನಿಟ್ಟು ಪಕ್ಕದ ಕೋಣೆಗೆ ಹೋದಳು. ಅದು ಪ್ರಾಣೇಶನ ಪ್ರಯೋಗಾಲಯ. ಪ್ರಾಣೇಶ ಆಕೆಗಿಂತ ಚಿಕ್ಕವನು, ಹುಳ ಬೆಳೆಸುವವನು, ಹುಳಗಳ ಮೇಲೆ ಅವನಿಗೆ ಹೆತ್ತ ಕರುಳು.

"ಕಣವಿಹಾಳದ ಡಬ್ಬಿ ನೋಡಿದ್ಯೇನಪಾ?"

"ನೋಡೀನ್ರಿ ಮೇಡಂ. ಹೋದ ವಾರ ಗುರುವಾರ ತರಿಸಿದ್ದೆ. ಅದರಾಗಿನ ಹುಳ ನಮ್ಮಿಬ್ಬರಿಗಿಂತ ಆರಾಮ ಅದಾವು."

"ಮಂಗಳವಾರ ಸತ್ತು ಗುರುವಾರ ಹುಟ್ಟತಾವೇನು?"

"ಅದನ್ನ ಅವರನ್ನ ಕೇಳ್ರಿ. ನನಗನಸ್ತೈತಿ, ಅವರು ತಂತಿ ಕಿತ್ತು ಏನೋ ಕಿತಾಪತಿ ಮಾಡ್ಯಾರ. ಡಬ್ಬಿ ಬ್ಯಾಡಾಗೈತಿ ಅವರಿಗೆ."

"ಚಿನ್ನವ್ವ ಅಂಥಾಕಿ ಅಲ್ಲ."

"ಮೇಡಂ, ದನಿ ಚಲೋ ಐತಿ ಅಂದ್ರ ಮನಷ್ಯಾರೂ ಚಲೋ ಇರ್ತಾರಂತ ನೀವು ನಂಬ್ತೀರಿ."

"ಹತ್ತು ವರ್ಷ ಫೋನಿನ್ಯಾಗ ಕೂತೀನಿ. ಬಹಳ ಸಲ ಹಂಗ ಇರ್ತಾರ."

ಪ್ರಾಣೇಶ ನಗಲಿಲ್ಲ. ಮೇಜಿನ ಮೇಲಿದ್ದ ಆದೇಶವನ್ನು ಅವಳತ್ತ ಸರಿಸಿದ. ಮೇಲಿನವರದ್ದು. ಬರುವ ಮಂಗಳವಾರವೂ ಕಣವಿಹಾಳ ಕೆಂಪಾದರೆ ಆ ಊರಿನ ಎಲ್ಲ ಟ್ರ್ಯಾಕ್ಟರುಗಳಿಗೂ ತೆವಳು ಆಜ್ಞೆ. ಇಲ್ಲಿಂದ ಒಂದು ಗುಂಡಿ ಒತ್ತಿದರೆ ಸಾಕು, ಅವು ಮನುಷ್ಯ ನಡೆಯುವ ವೇಗಕ್ಕಿಂತ ಜೋರಾಗಿ ಓಡುವುದಿಲ್ಲ, ಕೂರಿಗೆ ಎಳೆಯುವುದಂತೂ ದೂರದ ಮಾತು. ಡಬ್ಬಿಗಳನ್ನೆಲ್ಲ ಕಳಚಿ ತಪಾಸಣೆಗೆ ಕಳಿಸಬೇಕು. ವಾಪಸು ಬರುವಷ್ಟರಲ್ಲಿ ಹಿಂಗಾರಿ ಹದ ಆರಿಹೋಗಿರುತ್ತದೆ. ಬಿಳಿಜೋಳವೂ ಇಲ್ಲ, ಕಡಲೆಯೂ ಇಲ್ಲ.

ಗುಂಡಿ ಒತ್ತಬೇಕಾದವಳು ಮುಮ್ತಾಜ್.

*

ಶನಿವಾರ ಸಂಜೆ ಮನೆಯಲ್ಲಿ ಮುಮ್ತಾಜ್ ರೊಟ್ಟಿ ಬಡಿಯುತ್ತಿದ್ದಳು. ಗಂಡ ದಾವಲಸಾಬ ಒಳಗೆ ಬಂದು ಗೋಡೆಗೆ ಒರಗಿ ಕೂತ. ಅವನದು ಗಾದಿ ಅಂಗಡಿ. ತಲೆಯ ಮೇಲೆ, ಮೀಸೆಯ ಮೇಲೆ ಅರಳೆ ಹತ್ತಿ ಇರುವುದು ಅವನ ವೃತ್ತಿಯ ಗುರುತು.

"ಏನ್ ಜನ ಅಂತೇನಿ," ಎಂದ.

"ಯಾರು?"

"ಮದಿವಿ ಗಾದಿ ಐದು ತಯಾರ ಅದಾವು. ನಾಡದ ಸೋಮವಾರ ಒಯ್ರಿ ಅಂದ್ರ, ಒಲ್ಲೆ ಅಂತಾರ. ಮಂಗಳವಾರ ಬರ್ತೀವಿ, ಸೋಮವಾರ ನಮ್ಮ ಊರಾಗ ಟ್ರ್ಯಾಕ್ಟರ್ ಹೊರಗ ತಗಿಯಂಗಿಲ್ಲ ಅಂತಾರ. ನನ್ನ ಅಂಗಡಿಯಾಗ ಜಾಗ ಎಲ್ಲೈತಿ? ನಾನ ಗಾದಿ ಮ್ಯಾಲೆ ಕುಂತು ಗಾದಿ ಹೊಲೀಬೇಕು."

ಮುಮ್ತಾಜಳ ಕೈ ರೊಟ್ಟಿಯ ಮೇಲೇ ನಿಂತಿತು.

"ಯಾವ ಊರು?"

"ನಿನ್ನ ದೋಸ್ತಿ ಊರು. ಕಣವಿಹಾಳ."

"ಸೋಮವಾರ ತಗಿಯಂಗಿಲ್ಲ ಅಂದ್ರ? ಯಾರೂ ತಗಿಯಂಗಿಲ್ಲೇನು?"

"ಕೀಲಿ ಸುದ್ದಾ ಮುಟ್ಟಂಗಿಲ್ಲಂತ. ಅದೇನು ಎತ್ತೇನು ಅಂತ ಕೇಳಿದೆ. ಎತ್ತಿದ್ದಂಗ ಅಂದ್ರು. ಏ, ರೊಟ್ಟಿ ಹೊತ್ತತೈತಿ ನೋಡ!"

ರೊಟ್ಟಿ ಹೊತ್ತಿತು. ದಾವಲಸಾಬ ತಾನೇ ಎದ್ದು ಅದನ್ನು ತಿರುವಿ ಹಾಕಿದ, ಏಕೆಂದರೆ ಹೆಂಡತಿ ಆಗಲೇ ಹಿಟ್ಟಿನ ಕೈಯಲ್ಲೇ ಫೋನು ಹಿಡಿದಿದ್ದಳು.

"ಚಿನ್ನವ್ವಾರ, ನಾ ಮುಮ್ತಾಜ್. ಸೋಮವಾರ ಗಾಡಿ ಚಾಲೂ ಮಾಡಂಗಿಲ್ಲೇನ್ರಿ ನೀವು?"

"ಅಯ್ಯ, ಸೋಮವಾರ ಹೆಂಗ ಮಾಡ್ತಾರ್ರೀ? ಸೋಮವಾರ ಬಸವಣ್ಣನ ವಾರ. ಎತ್ತು ಹೂಡಂಗಿಲ್ಲ."

"ಎತ್ತು ಸರಿ. ಟ್ರ್ಯಾಕ್ಟರ್?"

"ಮದ್ಲೆಲ್ಲಾ ಹೊಡೀತಿದ್ವಿ. ಕಬ್ಬಣಕ್ಕ ಯಾವ ವಾರ? ಆದ್ರ ಈ ಡಬ್ಬಿ ಬಂದಾಗ ನಿಮ್ಮವರ ಆಟೋದಾಗ ಮೈಕ್ ಕಟ್ಗೊಂಡು ಬಂದು ಒದರಿದ್ರಲ್ರೀ, ಇದರಾಗ ಜೀವ ಐತಿ, ಇದನ್ನ ಜ್ವಾಪಾನ ಮಾಡ್ರಿ ಅಂತ. ಆಗ ಈರಭದ್ರಪ್ಪಜ್ಜಾರು ಅಂದ್ರು, ಜೀವ ಐತಂದ ಮ್ಯಾಲ ಅದಕ್ಕೂ ವಾರಕ್ಕೊಂದ ದಿನ ಬಿಡುವು ಕೊಡೂದು ಧರ್ಮ ಅಂತ. ಊರೆಲ್ಲಾ ಹೌದಂದ್ವಿ. ತಪ್ಪೇನ್ರಿ ಅಕ್ಕಾರ?"

"ಮತ್ತ ನಾ ಪ್ರತಿ ಮಂಗಳವಾರ ನಿನ್ನಿ ಏನ್ ಮಾಡಿದ್ರಿ ಅಂತ ಕೇಳಿದಾಗ..."

"ಏನೂ ಮಾಡಿಲ್ಲ ಅಂದೆ. ಖರೇನ ಅಂದೀನಲ್ಲ!"

ಖರೆಯೇ ಅಂದಿದ್ದಳು. ಮುಮ್ತಾಜಳಿಗೆ ನಗು ಬಂತು. ಕೊಠಡಿಯ ಗೋಡೆ ಓಡುವ ಎಂಜಿನ್ನನ್ನು ಮಾತ್ರ ತೋರಿಸುತ್ತಿತ್ತು. ಸೋಮವಾರ ಕಣವಿಹಾಳದ ಜಾಗ ಖಾಲಿ ಇದ್ದರೆ ಯಾರ ಕಣ್ಣಿಗೂ ಬೀಳುವಂತಿರಲಿಲ್ಲ. ಬೇರೆ ಊರುಗಳಲ್ಲಿ ಬಿತ್ತನೆ ಇಲ್ಲದ ದಿನವೂ ಟ್ರ್ಯಾಕ್ಟರಿಗೆ ಪುರಸೊತ್ತಿಲ್ಲ, ಮೇವು ತರಬೇಕು, ಹಿಟ್ಟಿನ ಗಿರಣಿಗೆ ಹೋಗಬೇಕು, ಬೀಗರನ್ನು ಬಸ್ಸಿಗೆ ಬಿಡಬೇಕು. ಪೂರ್ತಿ ತಣ್ಣಗಾಗುವ ಅವಕಾಶ ಹುಳಕ್ಕೆ ಸಿಕ್ಕೇ ಇರಲಿಲ್ಲ.

ಎರಡನೆಯ ಕರೆ ಪ್ರಾಣೇಶನಿಗೆ.

"ನಿನ್ನ ಹುಳಗಳನ್ನ ಒಂದ ರಾತ್ರಿ, ಒಂದ ಹಗಲು, ಮತ್ತೊಂದ ರಾತ್ರಿ ತಣ್ಣಗ ಇಟ್ಟು ನೋಡೀದೇನು?"

"ಇಲ್ರಿ. ಹಂಗ್ಯಾಕ ಇಡ್ಲಿ? ಪಾಪ!"

"ಇವತ್ತ ಇಡು. ಪಾಪ ನನಗ ಬರ್ಲಿ."

*

ಸೋಮವಾರ ಬೆಳಿಗ್ಗೆ ಆಕೆ ಪ್ರಯೋಗಾಲಯಕ್ಕೆ ಕಾಲಿಟ್ಟಾಗ ಪ್ರಾಣೇಶ ಸೂಕ್ಷ್ಮದರ್ಶಕದ ಮೇಲಿನಿಂದ ತಲೆ ಎತ್ತಲಿಲ್ಲ, ಕೈ ಬೀಸಿ ಕರೆದ.

"ಬರ್ರಿ, ನೋಡ್ರಿ. ಸತ್ತಿಲ್ಲ. ಹೊದ್ದು ಮಲಗ್ಯಾವ."

ಮುಮ್ತಾಜ್ ಬಗ್ಗಿ ನೋಡಿದಳು. ಜರಡಿಯ ಗೋಡೆಯ ಮೇಲೆ ತೆಳ್ಳಗೆ ಹಬ್ಬಿರಬೇಕಾದ ಹುಳಗಳು ಈಗ ಒಂದೊಂದೂ ಬಟಾಣಿಯ ಹಾಗೆ ಉಂಡೆಯಾಗಿ, ಸುತ್ತ ಒಂದು ಗಟ್ಟಿ ಚಿಪ್ಪು ಕಟ್ಟಿಕೊಂಡಿದ್ದವು. ಚಿಪ್ಪುಗಳು ಜರಡಿಯ ಸಣ್ಣ ತೂತುಗಳಲ್ಲಿ ಬಿರಡೆ ಬಡಿದ ಹಾಗೆ ಕೂತಿದ್ದವು.

"ಥಂಡಿ ಹತ್ತಿತು, ಇನ್ನ ಕಷ್ಟಕಾಲ ಬಂತು ಅಂತ ತಿಳೀತಾವು," ಎಂದ ಪ್ರಾಣೇಶ. "ಮುಂಜಾನೆ ಎಂಜಿನ್ ಚಾಲೂ ಆದ್ರ ಹೊಗೀಗೆ ದಾರಿ ಇಲ್ಲ. ಹಿಂದಕ್ಕ ಒತ್ತತೈತಿ. ದಿನವಿಡೀ ಕಾದು ಕಾದು ಸಂಜಿಮುಂದ ಚಿಪ್ಪು ಒಡದು ಎಳ್ತಾವು. ಬುಧವಾರ ಎಲ್ಲಾ ಸರಿ. ನಾ ಗುರುವಾರ ತರಿಸಿ ಆರಾಮ ಅದಾವು ಅಂತ ಬರದೆ." ಅವನು ಈಗ ತಲೆ ಎತ್ತಿದ. "ಕಿತಾಪತಿ ಅಂದದ್ದು ನನ್ನ ತಪ್ಪಾತು, ಮೇಡಂ."

"ಅದನ್ನ ಚಿನ್ನವ್ವಗ ಹೇಳೂಣು. ಈಗ ಏನ್ ಮಾಡಿದ್ರ ಮಲಗಂಗಿಲ್ಲ, ಅದನ್ನ ಹೇಳು."

"ನಡುವ ಒಂದ ಸಲ ಬೆಚ್ಚಗ ಮಾಡಿದ್ರ ಸಾಕು. ಎಂಜಿನ್ ನಿಂತಲ್ಲೇ ಅರ್ಧ ತಾಸು ಜೋರಾಗಿ ಓಡ್ಲಿ. ಸುಮ್ಮ ಗುರುಗುಟ್ಟಿದ್ರ ಆಗಂಗಿಲ್ಲ. ಅದರಿಂದ ಮಸಿ ಹೆಚ್ಚಾಗತೈತಿ, ಬಿಸಿ ಆಗಂಗಿಲ್ಲ. ವೇಗ ಏರಿಸಿ ಇಡಬೇಕು."

"ಸೋಮವಾರ ಅಂದ್ರ ಇವತ್ತ."

"ಇವತ್ತ," ಎಂದ ಪ್ರಾಣೇಶ. ಇಬ್ಬರೂ ಗಡಿಯಾರ ನೋಡಿದರು.

*

ಕಣವಿಹಾಳದಲ್ಲಿ ಟ್ರ್ಯಾಕ್ಟರುಗಳೆಲ್ಲ ಮೈತೊಳೆದುಕೊಂಡು ನಿಂತಿದ್ದವು. ಒಂದೊಂದರ ಮೂತಿಯ ಮೇಲೂ ವಿಭೂತಿಯ ಮೂರು ಗೆರೆ. ಚಿನ್ನವ್ವ ಐವತ್ತರ ಆಸುಪಾಸಿನ ಗಟ್ಟಿ ಹೆಂಗಸು, ಗಂಡ ಸತ್ತ ಮೇಲೆ ಒಕ್ಕಲುತನ, ಸ್ಟೇರಿಂಗು ಎರಡನ್ನೂ ತಾನೇ ಹಿಡಿದವಳು. ಆಕೆ ಮುಮ್ತಾಜಳನ್ನು ಕಂಡು ಮೊದಲ ಮಾತಿಗೇ, "ದನಿ ಕೇಳಿ ಎತ್ತರ ಇರ್ತೀರಿ ಅಂದ್ಕೊಂಡಿದ್ದೆ" ಎಂದಳು.

ಬೇವಿನ ನೆರಳಿಗೆ ಮಂದಿ ಸೇರಿತು. ನಡುವೆ ಈರಭದ್ರಪ್ಪಜ್ಜ, ರುಮಾಲು ಸುತ್ತಿಕೊಂಡು, ಕೋಲು ಮೊಣಕಾಲ ಮೇಲೆ ಅಡ್ಡ ಇಟ್ಟುಕೊಂಡು. ಮುಮ್ತಾಜ್ ಚಿಪ್ಪಿನ ವಿಷಯ ಹೇಳಿದಳು, ಅರ್ಧ ತಾಸಿನ ವಿಷಯ ಹೇಳಿದಳು. ನಾಳೆಯ ತೆವಳು ಆಜ್ಞೆಯನ್ನೂ ಮುಚ್ಚಿಡದೆ ಹೇಳಿದಳು. ಮಂದಿ ಗುಜುಗುಜು ಎಂದಿತು. ಅಜ್ಜ ಅಲುಗಾಡಲಿಲ್ಲ.

"ಅಲ್ಲವಾ, ಜೀವ ಐತಿ ಅಂತ ನೀವ ಹೇಳೀರಿ. ಈಗ ಆ ಜೀವಕ್ಕ ಬಿಡುವು ಕೊಡಬ್ಯಾಡ್ರಿ ಅಂತೀರಿ. ನಮ್ಮ ಎತ್ತಿಗೊಂದು ನ್ಯಾಯ, ನಿಮ್ಮ ಹುಳಕ್ಕೊಂದು ನ್ಯಾಯ?"

"ಬಿಡುವು ಕೊಡಬ್ಯಾಡ್ರಿ ಅಂದಿಲ್ಲ ಅಜ್ಜಾರ," ಎಂದಳು ಮುಮ್ತಾಜ್. ಬರುವ ದಾರಿಯುದ್ದಕ್ಕೂ ಬಸ್ಸಿನಲ್ಲಿ ಇದನ್ನೇ ಯೋಚಿಸಿದ್ದಳು. "ಒಂದ ಮಾತು ಕೇಳ್ಲಾ? ಸೋಮವಾರ ಎತ್ತು ಹೂಡಂಗಿಲ್ಲ, ಸರಿ. ಅವತ್ತ ಎತ್ತಿಗೆ ಏನ್ ಮಾಡ್ತೀರಿ?"

"ಮೈ ತೊಳೀತೀವಿ. ಕೊಂಬಿಗೆ ಎಣ್ಣಿ ಹಚ್ಚತೀವಿ."

"ಮೇವು?"

"ಹಾಕದ ಬಿಡ್ತೀವೇನು? ಅವತ್ತ ಇನ್ನೊಂದ ಮುಷ್ಟಿ ಹಿಂಡಿ ಹೆಚ್ಚಿಗೇ ಇಡ್ತೀವಿ. ಬಸವಣ್ಣನ ವಾರ ಬಸವಣ್ಣನ್ನ ಉಪವಾಸ ಕೆಡವೂದು ಯಾವ ಧರ್ಮ!"

"ಈ ಹುಳಕ್ಕ ಮೇವು ಅಂದ್ರ ಹೊಗಿ, ಅಜ್ಜಾರ. ಅದಕ್ಕ ಕೊಟ್ಟಿಗಿ ಅಂದ್ರ ಆ ಬೆಚ್ಚಗಿನ ಡಬ್ಬಿ. ಕೀಲಿ ಮುಟ್ಟಲಿಲ್ಲ ಅಂದ್ರ ಅದಕ್ಕ ಬಿಡುವು ಆಗಂಗಿಲ್ಲ, ಉಪವಾಸ ಆಗತೈತಿ. ಥಂಡಿಯಾಗ ಉಪವಾಸ."

ಹಿಂದಿನಿಂದ ಯಾರೋ, "ನಾಕು ವಾರದಿಂದ ಉಪವಾಸ ಕೆಡವೀವಲ್ಲೋ ಅದನ್ನ" ಎಂದು ಮರುಗಿದರು. ಚಿನ್ನವ್ವ ಎದ್ದೇ ನಿಂತಳು.

"ಹಂಗಾರ ಹೂಡೂದು ಬ್ಯಾಡ, ಉಣ್ಣಸೂದು. ಗಾಡಿ ಇದ್ದಲ್ಲೇ ಇರ್ತೈತಿ, ಹೊಲಕ್ಕ ಹೋಗಂಗಿಲ್ಲ. ಬರೋಬ್ಬರಿ ಅಲ್ರೀ?"

"ಬರೋಬ್ಬರಿ."

"ಕೂರಿಗಿ ಕಟ್ಟಿದ್ದು ಐತೆಲ್ಲಾ ಹಿಂದ," ಎಂದ ಅಜ್ಜ. "ಕೂರಿಗಿ ಹೆಗಲ ಮ್ಯಾಲ ಇಟ್ಕೊಂಡು ಉಣ್ಣು ಅಂದ್ರ ನೀ ಉಣ್ತೀ ಏನು?"

ಅದೂ ನ್ಯಾಯವೇ ಎನಿಸಿತು ಎಲ್ಲರಿಗೂ. ಆಮೇಲೆ ನಡೆದದ್ದು ಮುಮ್ತಾಜ್ ಎಂದೂ ಮರೆಯಲಾರದ ಗದ್ದಲ. ನಾಳೆಯ ಬಿತ್ತನೆಗೆ ಬಿಗಿದಿಟ್ಟಿದ್ದ ಕೂರಿಗೆಗಳನ್ನೆಲ್ಲ ಜನ ಬಿಚ್ಚಿ ಕೆಳಗಿಟ್ಟರು. ಪಿನ್ನು ಹೊರಬರದವರು ಸುತ್ತಿಗೆ ತಂದರು. ಸುತ್ತಿಗೆ ಇಲ್ಲದವರು ಬೈಗುಳ ತಂದರು. ಹೆಗಲು ಹಗುರಾದ ಟ್ರ್ಯಾಕ್ಟರುಗಳು ಒಂದಾದ ಮೇಲೊಂದು ಚಾಲೂ ಆದವು. ಚಿನ್ನವ್ವ ವೇಗದ ಹಿಡಿಕೆ ಏರಿಸಿ, ಹುಳದ ಡಬ್ಬಿಯ ಹೊರಮೈಗೆ ಕೈ ಹಚ್ಚಿ ನೋಡಿ, "ಉಣ್ಣಾಕ ಹತ್ತೈತಿ" ಎಂದಳು. ಆ ಸದ್ದಿನಲ್ಲಿ ಯಾರ ಮಾತು ಯಾರಿಗೂ ಕೇಳುತ್ತಿರಲಿಲ್ಲ. ಆದರೂ ಎಲ್ಲರೂ ಮಾತಾಡುತ್ತಿದ್ದರು.

ಈರಭದ್ರಪ್ಪಜ್ಜನ ಟ್ರ್ಯಾಕ್ಟರು ಮಾತ್ರ ಚಾಲೂ ಆಗಲಿಲ್ಲ. "ಊರಿಗೆ ನಾ ಬ್ಯಾಡ ಅನ್ನಂಗಿಲ್ಲ," ಎಂದು ಅಜ್ಜ ಕೋಲೂರಿ ಎದ್ದ. "ನನ್ನ ಮನಸಿಗೆ ಇನ್ನೂ ಬಂದಿಲ್ಲ. ನನ್ನ ಗಾಡಿ ನನ್ನ ನೇಮದಾಗ ಇರ್ಲಿ."

ಮುಮ್ತಾಜ್ ಒತ್ತಾಯ ಮಾಡಲಿಲ್ಲ. ಆದರೆ ರಾತ್ರಿ ದಾವಲಸಾಬನಿಗೆ, "ಒಂದ ಕೆಂಪಾದ್ರೂ ಮೇಲಿನವರು ಊರು ಕೆಂಪು ಅಂತಾರೋ ಏನೋ" ಎಂದಳು. ಅವನು, "ನಿನ್ನ ಗೋಡಿಗೆ ಬಣ್ಣ ಹಚ್ಚೂ ಚಿಂತಿ ನಾಳೆ ಮಾಡು, ಈಗ ಉಣ್ಣು" ಎಂದ. ಆಕೆ ಉಂಡಳು.

*

ಮಂಗಳವಾರ ಮುಮ್ತಾಜ್ ಕೊಠಡಿಗೆ ಹೋಗಲಿಲ್ಲ. ಗೋಡೆಯ ಮುಂದೆ ಪ್ರಾಣೇಶನನ್ನು ಕೂರಿಸಿ ತಾನು ಮೊದಲ ಬಸ್ಸಿಗೆ ಕಣವಿಹಾಳಕ್ಕೆ ಬಂದಳು. ಆ ಗುಂಡಿ ಅವಳ ಫೋನಿನಲ್ಲೂ ಇತ್ತು. ಆಜ್ಞೆ ಒತ್ತುವುದೇ ಆದರೆ ಯಾರ ಮೇಲೆ ಒತ್ತುತ್ತೇನೋ ಅವರ ಎದುರು ನಿಂತು ಒತ್ತುತ್ತೇನೆ ಎಂಬುದು ಅವಳ ಹಟ.

ಚಿನ್ನವ್ವನ ಹೊಲದ ಬದುವಿನ ಮೇಲೆ ನಿಂತಾಗ ಮಣ್ಣು ಇನ್ನೂ ಕಪ್ಪಗೆ ತಣ್ಣಗಿತ್ತು. ಚಿನ್ನವ್ವ ಕೂರಿಗೆ ಇಳಿಸಿದಳು. ಎಂಜಿನ್ ಒಮ್ಮೆ ಭಾರಕ್ಕೆ ತಗ್ಗಿತು. ತಗ್ಗಿದ ದನಿ ಅಲ್ಲಿಯೇ ಒಂದು ಗಳಿಗೆ ನಿಂತು, ಆಮೇಲೆ ಗಂಟಲು ಸರಿಮಾಡಿಕೊಂಡವರ ಹಾಗೆ ಎತ್ತರಕ್ಕೆ ಏರಿತು. ಕೊಳವೆಯ ಬಾಯಲ್ಲಿ ಹೊಗೆ ಇಲ್ಲ. ಬಿಸಿಗಾಳಿ ಮಾತ್ರ ನಡುಗುತ್ತಿತ್ತು. ಟ್ರ್ಯಾಕ್ಟರು ಎಳೆದುಕೊಂಡು ಹೋಯಿತು. ಹಿಂದೆ ಮಣ್ಣು ಸಾಲು ಬಿಚ್ಚಿತು, ಬೀಜ ನುಂಗಿತು, ಮುಚ್ಚಿಕೊಂಡಿತು.

ಫೋನು ಬಂತು.

"ಮೇಡಂ, ಹಸಿರು," ಎಂದ ಪ್ರಾಣೇಶ. "ಒಂದರ ಹಿಂದ ಒಂದು, ಎಲ್ಲಾ ಹಸಿರು. ಒಂದ ಬಿಟ್ಟು."

"ಒಂದ್ಯಾವುದು ಅಂತ ನನಗ ಗೊತ್ತೈತಿ."

"ಅದು ಇರ್ಲಿ ಬಿಡ್ರಿ, ಬಂಗಾರದಂಥಾದ್ದು ಅದು! ಬೆಚ್ಚಗ ಇಟ್ಟದ್ದು ಓಡತಾವು, ತಣ್ಣಗ ಇಟ್ಟದ್ದು ಕಟ್ಟತೈತಿ. ಇದಕ್ಕಿಂತ ಚಲೋ ಸಾಕ್ಷಿ ಮೇಲಿನವರಿಗೆ ಎಲ್ಲಿ ಸಿಗತೈತಿ? ಮಾತಾಡೀನಿ ಅವರ ಕೂಡ. ಆದೇಶ ಹಿಂದಕ್ಕ ತಗೊಂಡ್ರು."

ಮುಮ್ತಾಜ್ ಬದುವಿನ ಮೇಲೆ ಕೂತೇಬಿಟ್ಟಳು.

ಆಚೆಯ ಹೊಲದಲ್ಲಿ ಈರಭದ್ರಪ್ಪಜ್ಜನ ಟ್ರ್ಯಾಕ್ಟರು ಎರಡು ಸಾಲು ಹೋಗಿ ನಿಂತಿತ್ತು. ಮೊಮ್ಮಗಳ ಗಂಡ ಕೀಲಿ ತೆಗೆದು ಕೆಳಗಿಳಿದು ಎಂಜಿನ್ನಿನ ಬಿಸಿಗೆ ಮುಖ ಓರೆ ಮಾಡಿ ನಿಂತಿದ್ದ. ಅಜ್ಜ ಬದು ಹಿಡಿದು ಕೋಲೂರುತ್ತ ಬಂದ. ಬಂದು ಮುಮ್ತಾಜಳಿಂದ ಎರಡು ಮಾರು ದೂರ ಕೂತ. ಇಬ್ಬರೂ ಚಿನ್ನವ್ವ ಹೋಗಿ ಬರುವುದನ್ನು ನೋಡಿದರು.

"ನಂದು ಮುನಿಸ್ಕೊಂಡೈತಿ," ಎಂದ ಕೊನೆಗೆ.

"ಎಂಜಿನ್ ಚಾಲೂ ಇಟ್ಟು ಕಾಯಿಸಿದ್ರ ಸಂಜಿಮುಂದ ಸರಿ ಹೋಗತೈತಿ ಅಜ್ಜಾರ. ಹಸದದ್ದಕ್ಕ ಸಿಟ್ಟು, ಅಷ್ಟ."

"ಹೂಂ." ಅಜ್ಜ ಕೋಲಿನ ತುದಿಯಿಂದ ಮಣ್ಣಿನ ಹೆಂಟೆ ಒಡೆದ. "ಹಟ ಅಂತ ತಿಳೀಬ್ಯಾಡವಾ. ಒಂದ ಜೀವದ ವಿಚಾರ. ಯಾರರ ಹೇಳಿದ್ರು ಅಂತ ಪಟ್ನ ಬದಲ ಮಾಡಾಕ ಬರಂಗಿಲ್ಲ. ಕಣ್ಣಿಲೆ ನೋಡಬೇಕಿತ್ತು."

"ನಮ್ಮ ಪ್ರಾಣೇಶನೂ ಕಣ್ಣಿಲೆ ನೋಡೂ ಮಟ ನಂಬಲಿಲ್ರಿ."

"ಹೌದೇನು? ಶಾಣ್ಯಾ ಇರಬೇಕು." ಅಜ್ಜನ ಮೀಸೆ ಸ್ವಲ್ಪ ಅಲುಗಿತು. "ಬರೂ ಸೋಮವಾರ ಅರ್ಧ ತಾಸು ಅಂದೀ?"

"ಅರ್ಧ ತಾಸು. ಜೋರಾಗಿ. ಕೂರಿಗಿ ಬಿಚ್ಚಿ."

"ಆ ಡಬ್ಬಿಗೂ ವಿಭೂತಿ ಹಚ್ಚಬಹುದೋ?"

"ಗಾಳಿ ಆಡೂ ತೂತು ಬಿಟ್ಟು ಎಲ್ಲಿ ಬೇಕಾದ್ರೂ ಹಚ್ಚರಿ."

ಸಾಲಿನ ಕೊನೆಗೆ ಚಿನ್ನವ್ವ ಕೂರಿಗೆ ಮೇಲೆತ್ತಿದಳು. ಅವಳ ಹೊಲದಲ್ಲಿ ಇನ್ನೂ ಅರ್ಧ ಬಿತ್ತುವುದಿತ್ತು. ಆಕೆ ಒಮ್ಮೆ ಆಚೆ ನಿಂತಿದ್ದ ಟ್ರ್ಯಾಕ್ಟರಿನ ಕಡೆ ನೋಡಿದಳು, ಸ್ಟೇರಿಂಗು ಪೂರ್ತಿ ತಿರುಗಿಸಿದಳು. ದೊಡ್ಡ ಗಾಲಿಗಳು ಬದು ಹತ್ತಿ ಇಳಿದವು. ಅಜ್ಜನ ಹೊಲದಲ್ಲಿ, ಎರಡು ಸಾಲು ಮುಗಿದ ಜಾಗಕ್ಕೆ ಸರಿಯಾಗಿ, ಆಕೆ ಕೂರಿಗೆ ಇಳಿಸಿದಳು.